ಒಂದು ಚೀಲ ಜೋಳದ ಬಂದೂಕು

ಹಿಂದೆ, ಬಹಳ ಹಿಂದೆ, ಇಂಥ ವರ್ಷ ಅಂತ ನಮ್ಮ ಅಜ್ಜನ ಅಜ್ಜನಿಗೂ ಹೇಳಲಿಕ್ಕೆ ಬಾರದಷ್ಟು ಹಿಂದೆ, ಹೊಳೆಸಾಲಿನಲ್ಲಿ ಒಂದೂರು. ಊರ ಹೆಸರು ಗೋನಕಲ್ಲು. ಊರ ನಡುವೆ ದೇಸಾಯರ ವಾಡೆ. ವಾಡೆಯೊಳಗೆ ಒಬ್ಬ ಹೆಣ್ಣುಮಗಳು. ಹೆತ್ತವರು ಇಟ್ಟ ಹೆಸರು ಗುರುಸಿದ್ದವ್ವ. ಆದರೆ ಆ ಹೆಸರಿನಿಂದ ಆಕೆಯನ್ನು ಕರೆದವರು ಯಾರೂ ಇಲ್ಲ. ವಾಡೇದವ್ವ ಅಂತಿದ್ದರು. ಈಗಲೂ ಹಾಗೇ ಅಂತಾರೆ.

ಆಕೆಯ ಗಂಡ ದೇಸಾಯಿ ಬೇಟೆಯ ಹುಚ್ಚಿನವನು. ಊಟ ಬಿಟ್ಟಾನು, ಬೇಟೆ ಬಿಡ. ವಾಡೆಯ ಮೂಡಲ ಕೋಣೆಯ ತುಂಬ ಅವನ ಬಂದೂಕುಗಳು. ಒಂದರ ಹಿಂದೊಂದು ನೆಲಕ್ಕಿಟ್ಟರೆ ಊರ ಅಗಸಿಬಾಗಿಲಿನಿಂದ ಹೊಳೆಯ ದಂಡೆಯ ತನಕ ಮುಟ್ಟುತ್ತಿದ್ದವಂತೆ. ಅಷ್ಟು ಇರಲಿಕ್ಕಿಲ್ಲ. ಆದರೂ ಹಾಗೆ ಹೇಳತಾರೆ. ಅವುಗಳಲ್ಲಿ ಒಂದು ಜೋಡುನಳಿಗೆ ಬಂದೂಕು. ಅದರ ಉಕ್ಕಿನ ಮೇಲೆ ಗಾಳಿ ಬೀಸಿದಾಗ ಕೆರೆಯ ನೀರು ನಡುಗುತ್ತದಲ್ಲ, ಹಾಗೆ ಗೆರೆಗಳು. ಅದಕ್ಕೇ ಅದಕ್ಕೆ ನೀರಗೆರೆ ಅಂತ ಹೆಸರು. ಸಮುದ್ರದಾಚೆಯಿಂದ ಬಂದ ಯಾವನೋ ಪ್ರವಾಸಿಯ ಕೈಯಿಂದ ದೇಸಾಯಿಯ ತಂದೆ ಕೊಂಡದ್ದು. ಅದಕ್ಕಾಗಿ ಒಂದು ಮಾವಿನ ತೋಪು, ಎರಡು ಕುದುರೆ ಕೊಟ್ಟಿದ್ದನಂತೆ.

ದೇಸಾಯಿ ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ಬಂದೂಕುಗಳನ್ನು ನೋಡಿಕೊಳ್ಳಲು ಮೌಲಾಲಿ ಇದ್ದ. ದೇಸಾಯಿಯ ಜೊತೆ ಬೇಟೆಗೆ ಹೋಗುತ್ತಿದ್ದವನು, ಅವನ ವಾರಿಗೆಯವನು. ದಿನಾ ಒಂದೊಂದನ್ನೇ ಇಳಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ, ಮತ್ತೆ ಇಡುತ್ತಿದ್ದ. ನೀರಗೆರೆಯನ್ನು ಮಾತ್ರ ವಾಡೇದವ್ವ ತಾನೇ ಒರೆಸುತ್ತಿದ್ದಳು. ಗಂಡನ ಕೆನ್ನೆ ಒರಗಿ ಒರಗಿ ಅದರ ಹಿಡಿಯ ಮರ ಒಂದು ಕಡೆ ನುಣ್ಣಗಾಗಿತ್ತು. ಆಕೆಯ ಕೈ ಅಲ್ಲಿಗೆ ಬಂದಾಗ ನಿಧಾನವಾಗುತ್ತಿತ್ತಂತೆ.

ಹೀಗಿರುವಾಗ ಮಿಡತೆ ಬಂತು.

ಹೊಲದಲ್ಲಿ ಜೋಳ ಹಾಲುಗಾಳಾಗಿ ನಿಂತಿತ್ತು. ಪಡುವಣ ದಿಕ್ಕಿಗೆ ಮೊದಲು ಒಂದು ಕಂದು ಮೋಡ ಕಂಡಿತು. ಮಳೆ ಅಂದುಕೊಂಡು ಜನ ನಕ್ಕರು. ಮೋಡ ಹತ್ತಿರ ಬಂತು, ಸದ್ದು ಮಾಡಿತು, ಕೆಳಗಿಳಿಯಿತು. ಜನ ಹಲಗೆ ಬಾರಿಸಿದರು, ಹೊಗೆ ಹಾಕಿದರು, ಸೆರಗಿನಿಂದ ಬಡಿದರು. ಹೋಗಲಿಲ್ಲ. ಅದು ಎದ್ದು ಹೋದಾಗ ಹೊಲದಲ್ಲಿ ದಂಟಿನ ಮೋಟು ಕೂಡ ಉಳಿದಿರಲಿಲ್ಲ. ಬೇವಿನ ಮರದ ತೊಗಟೆಯನ್ನೂ ತಿಂದಿತ್ತಂತೆ. ಒಣಗಲು ಹಾಕಿದ ಹಸಿರು ಸೀರೆಯನ್ನೂ ತಿಂದಿತ್ತಂತೆ. ಹಾಗೆ ಹೇಳತಾರೆ.

ವಾಡೇದವ್ವ ತನ್ನ ಹಗೇವಿನ ಬಾಯಿ ತೆಗೆಸಿದಳು. ನೆಲದೊಳಗೆ ಕೂಡಿಟ್ಟ ಕಾಳೆಲ್ಲ ಮೇಲೆ ಬಂತು. ವಾಡೆಯ ಅಂಗಳದಲ್ಲಿ ಒಲೆ ಹೂಡಿದರು, ಅಂಬಲಿ ಕಾಸಿದರು. ಗೋನಕಲ್ಲಿನವರು ಉಂಡರು, ಸುತ್ತಲಿನ ಹಳ್ಳಿಯವರು ಉಂಡರು, ದಾರಿಯಲ್ಲಿ ಹೋಗುವವರು ಉಂಡರು. ಹಗೇವು ಬರಿದಾಯಿತು. ಹಸಿವು ಬರಿದಾಗಲಿಲ್ಲ.

ಹೊಳೆಯಾಚೆಯ ಪೇಟೆಯಲ್ಲಿ ಈರಭದ್ರ ಸಾಹುಕಾರ ಅಂತ ಒಬ್ಬನಿದ್ದ. ಅವನ ಅಂಗಡಿಯಲ್ಲಿ ಕಾಳಿತ್ತು. ಆಕೆ ಅವನಿಗೆ ಹೇಳಿ ಕಳಿಸಿದಳು. ಅವನು ಬಂಡಿ ಕಟ್ಟಿಕೊಂಡು ಬಂದ. ಮೂಡಲ ಕೋಣೆಯ ಬಾಗಿಲು ತೆರೆದಾಗ ಅವನೂ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದನಂತೆ.

"ಸಾಹುಕಾರ, ಇವುಕ್ಕ ಏನು ಕೊಡ್ತಿ ಹೇಳು," ಅಂದಳು ಆಕೆ.

ಅವನು ಹೇಳಿದ್ದನ್ನು ಕೇಳಿ ಮೌಲಾಲಿಗೆ ಸಿಟ್ಟು ತಡೆಯಲಿಲ್ಲ. "ಏನ್ರೀ ಇದು, ಬಂದೂಕಂದ್ರ ಬಡಿಗಿ ಅಂತ ತಿಳಿದೀರೇನು?"

ಸಾಹುಕಾರ ಕೆಟ್ಟ ಮಾತಾಡಲಿಲ್ಲ. "ತಮ್ಮಾ, ಇವತ್ತಿಗೆ ಜೋಳಕ್ಕ ಬೆಲಿ ಐತಿ, ಬಂದೂಕಿಗಿಲ್ಲ. ಇವನ್ನ ತಗೊಂಡು ನಾನೇನು ಕುದಿಸಿ ಉಣ್ಣಲ್ಯಾ? ಅವ್ವಾರು ಬ್ಯಾಡಂದ್ರ ಬಂಡಿ ತಿರುಗಿಸ್ತೀನಿ."

ಆಕೆ ಬೇಡ ಅನ್ನಲಿಲ್ಲ.

ಆಗಿನ ಬೆಲೆಗಳನ್ನು ಗೋನಕಲ್ಲಿನ ಜನ ಈಗಲೂ ಬಾಯಿಪಾಠ ಒಪ್ಪಿಸುತ್ತಾರೆ. ಬೆಳ್ಳಿ ಕಟ್ಟಿನ ಬಂದೂಕಿಗೆ ಒಂದು ಚೀಲ ಸಜ್ಜೆ. ಆನೆದಂತದ ಪಗಡೆಗೆ ನಾಲ್ಕು ಸೇರು ಹುರುಳಿ. ಛಾವಣಿಯಿಂದ ಇಳಿಬಿಟ್ಟ ಗಾಜಿನ ದೀಪದ ಗೊಂಚಲಿಗೆ ಒಂದು ಬುಟ್ಟಿ ನುಚ್ಚು. ರತ್ನಗಂಬಳಿಗೆ ಉಪ್ಪು. ಎಷ್ಟು ಉಪ್ಪು ಅಂತ ಯಾರಿಗೂ ನೆನಪಿಲ್ಲ, ಉಪ್ಪು ಅಂತಷ್ಟೇ ಹೇಳತಾರೆ. ಬಂಡಿ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಬಂದೂಕುಗಳು ತೀರಿದ ಮೇಲೆ ಬಾಗಿಲುಗಳು ಹೋದವು. ಬಾಗಿಲುಗಳಾದ ಮೇಲೆ ಕೆತ್ತನೆಯ ಕಂಬಗಳು ಹೋದವು. ಮಾಳಿಗೆ ಕುಸಿಯಿತು. ಆಕೆ ಕಾವಲಿನವರ ಕೋಣೆಗೆ ಬಂದು ಕೂತಳು. ನೀರಗೆರೆಯೊಂದು ಆಕೆಯ ಹಾಸಿಗೆಯ ಪಕ್ಕದಲ್ಲಿ ಉಳಿದಿತ್ತು. ಅದನ್ನು ಸಾಹುಕಾರ ಕೇಳಲಿಲ್ಲ, ಆಕೆ ತೋರಿಸಲಿಲ್ಲ.

ಒಂದು ದಿನ ಬೆಳಿಗ್ಗೆ ದ್ಯಾಮವ್ವ ಅನ್ನುವ ಬಾಣಂತಿ ಬಂದಳು. ಗಂಡ ಕಾಳು ಹುಡುಕಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಮಡಿಲಲ್ಲಿ ಗಂಡು ಕೂಸು. ಎದೆಯಲ್ಲಿ ಹಾಲಿಲ್ಲ. ಕೂಸಿಗೆ ಅಳಲಿಕ್ಕೂ ತ್ರಾಣವಿರಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಅಂದು ಒಲೆಯ ಮೇಲಿನ ಹಂಡೆಯಲ್ಲಿ ಬರೀ ಬಿಸಿನೀರು.

ವಾಡೇದವ್ವ ಕೂಸನ್ನು ನೋಡಿದಳು. ಒಳಗೆ ಹೋಗಿ ನೀರಗೆರೆಯನ್ನು ತಂದು ಮೌಲಾಲಿಯ ಕೈಗಿಟ್ಟಳು.

ಅವನು ಕೈ ಹಿಂದಕ್ಕೆಳೆದುಕೊಂಡ. "ಇದೊಂದು ಇರಲಿ ಅವ್ವಾರ. ಧಣ್ಯಾರ ಕೈಯಾಡಿದ್ದು. ನಿಮ್ಮ ಹತ್ರ ಬ್ಯಾರೆ ಏನೈತಿ?"

"ಏನೂ ಇಲ್ಲಣ್ಣ. ಅದಕ್ಕ ಇದನ್ನ ಕೊಡಾಕತ್ತೀನಿ. ಲಗೂನ ಹೋಗಿ ಬಾ."

ಅವನು ಕಂಬಳಿಯಲ್ಲಿ ಸುತ್ತಿಕೊಂಡು ಹೊಳೆ ದಾಟಿದ. ಸಾಹುಕಾರನಲ್ಲೂ ಅಷ್ಟು ಹೊತ್ತಿಗೆ ಕಾಳು ತಳ ಮುಟ್ಟಿತ್ತು. ಒಂದು ಚೀಲ ಜೋಳ ಕೊಟ್ಟ, ಮೇಲೊಂದು ಕಾಳು ಹಾಕಲಿಲ್ಲ. ಮೌಲಾಲಿ ಚೀಲವನ್ನು ಬೆನ್ನ ಮೇಲೆ ಹೊತ್ತು, ಅಳುತ್ತಾ ಬಂದನಂತೆ. ವಾಡೇದವ್ವ ತಾನೇ ಬೀಸಿದಳು, ತಾನೇ ಗಂಜಿ ಮಾಡಿದಳು. ತೆಳ್ಳನೆಯ ಗಂಜಿಯಲ್ಲಿ ಬಟ್ಟೆಯ ತುದಿ ಅದ್ದಿ ಕೂಸಿನ ಬಾಯಿಗಿಟ್ಟಳು. ಮೊದಲು ಅದು ಚೀಪಲಿಲ್ಲ. ಆಮೇಲೆ ಚೀಪಿತು. ಆ ಚೀಲ ತೀರುವಷ್ಟರಲ್ಲಿ ಮಳೆ ಬಿದ್ದು ಬದುವಿನ ಮೇಲೆ ಸೊಪ್ಪು ಹುಟ್ಟಿತು. ಕೂಸು ಬದುಕಿತು. ಅದಕ್ಕೆ ದುರುಗಪ್ಪ ಅಂತ ಹೆಸರಿಟ್ಟರು.

ಮುಂದೆ ಒಳ್ಳೆಯ ಕಾಲ ಬಂತು. ಜೋಳ ಆಳೆತ್ತರ ಬೆಳೆಯಿತು. ಕಾಳು ಅಗ್ಗವಾಯಿತು. ಆಗ ಹೊಳೆಯಾಚೆಯಿಂದ ಸುದ್ದಿ ಬರತೊಡಗಿತು. ದೂರದ ಪಟ್ಟಣದ ಶ್ರೀಮಂತರಿಗೆ ಹಳೆಯ ಬಂದೂಕಿನ ಹುಚ್ಚು ಹಿಡಿದಿದೆಯಂತೆ. ಸಾಹುಕಾರ ದಂತದ ಪಗಡೆ ಮಾರಿ ಎರಡು ಅಂತಸ್ತಿನ ಮನೆ ಕಟ್ಟಿಸಿದನಂತೆ. ಬೆಳ್ಳಿ ಕಟ್ಟಿನ ಬಂದೂಕಿಗೆ ತೋಟ ಬಂತಂತೆ. ಸುದ್ದಿ ಬಂದಂತೆಲ್ಲ ಗೋನಕಲ್ಲಿನ ಗಂಡಸರು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ಸಂಜೆ ಕಟ್ಟೆಗೆ ಕೂತರೆ ಅದೇ ಮಾತು. ಎಂಥ ಕಾಲ ಇತ್ತಪ್ಪಾ ಅದು, ಒಂದು ಚೀಲ ಕಾಳಿಗೆ ಬಂದೂಕು ಸಿಗುತ್ತಿತ್ತು! ಆಗ ನಮ್ಮ ಮನೆಯಲ್ಲಿ ಒಂದು ಚೀಲ ಹೆಚ್ಚಿಗೆ ಇದ್ದಿದ್ದರೆ! ಆ ಕಾಲ ಮತ್ತೆ ಬರಬಾರದೇ! ಹಾಗೆ ಅನ್ನುತ್ತಿದ್ದವರು ಅದೇ ಅಂಗಳದಲ್ಲಿ ಬೊಗಸೆಯೊಡ್ಡಿ ಅಂಬಲಿ ಕುಡಿದವರು.

ವಾಡೇದವ್ವನಿಗೆ ಆ ಮಾತು ಕಿವಿಗೆ ಬೀಳುತ್ತಿತ್ತು. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದಳು. ಆಮೇಲೆ ನಗು ನಿಂತಿತು.

ದುರುಗಪ್ಪ ಬೆಳೆದು ಗಟ್ಟಿಮುಟ್ಟಾದ ಆಳಾದ. ಕೆಟ್ಟವನಲ್ಲ. ದ್ಯಾಮವ್ವ ಸಾಯುವಾಗ, ಅವ್ವಾರನ್ನ ನೋಡಿಕೋ ಅಂದಿದ್ದಳು, ಯಾಕೆ ಅಂತ ಹೇಳಿರಲಿಲ್ಲ. ಅವನು ದಿನಾ ವಾಡೇದವ್ವನಿಗೆ ಎರಡು ರೊಟ್ಟಿ ತಂದುಕೊಡುತ್ತಿದ್ದ. ಆಕೆ ಅವನ ಎದುರಿಗೇ ಉಣ್ಣುತ್ತಿದ್ದಳು, ಅವನಿಗೂ ಒಂದು ತುತ್ತು ಕೊಡುತ್ತಿದ್ದಳು. ದಿನದಲ್ಲಿ ಆಕೆಗೆ ಸುಖದ ಹೊತ್ತು ಅಂದರೆ ಅದೊಂದೇ.

ಒಂದು ಸಂಜೆ ಆಕೆ ಬಾವಿಯಿಂದ ಬರುತ್ತಿದ್ದಳು. ಮೌಲಾಲಿ ಕೊಡ ಹೊತ್ತು ಹಿಂದೆ. ಕಟ್ಟೆಯ ಮೇಲೆ ಮಾತು ನಡೆದಿತ್ತು. ಬೇವಿನ ಮರ ಅಡ್ಡ ಇದ್ದುದರಿಂದ ಇವರನ್ನು ಯಾರೂ ನೋಡಲಿಲ್ಲ. ದನಿ ದುರುಗಪ್ಪನದು.

"ಉಳಿದದ್ದೆಲ್ಲಾ ಹೋಗಲಿ, ಆ ನೀರಗೆರಿ ಬಂದೂಕು! ಅದನ್ನೂ ಒಂದು ಚೀಲ ಜೋಳಕ್ಕ ಕೊಟ್ಟಾಳಂತ. ಒಂದ ಚೀಲ! ತಲಿ ಇದ್ದವರು ಮಾಡೂ ಕೆಲಸೇನು? ಅದೊಂದು ಇದ್ದಿದ್ರ ಇವತ್ತು ಊರೇ ಬದಲಾಗ್ತಿತ್ತು. ಮುದುಕಿಗೆ ಬುದ್ಧಿ ಇರಲಿಲ್ಲ ಬಿಡು."

ಎಲ್ಲರೂ ನಕ್ಕರು.

ಮೌಲಾಲಿ ಕೊಡ ಇಳಿಸಿದ. ಕಟ್ಟೆಯ ಕಡೆ ಹೆಜ್ಜೆ ಹಾಕಿದ. "ಹೇಳ್ತೀನಿ ಅವ್ವಾರ. ಆ ಚೀಲ ಯಾರ ಹೊಟ್ಟಿಗೆ ಹೋತು ಅಂತ ಈಗಿಂದೀಗ ಹೇಳ್ತೀನಿ."

ಆಕೆ ಅವನ ರಟ್ಟೆ ಹಿಡಿದಳು. "ಬ್ಯಾಡಣ್ಣ."

"ಯಾಕ ಬ್ಯಾಡ?"

"ಗೊತ್ತಾದ್ರ ಅಂವ ನಾಳಿ ರೊಟ್ಟಿ ಹ್ಯಾಂಗ ತಿಂದಾನು?"

ಕೋಣೆಗೆ ಬಂದು ಆಕೆ ಗೋಡೆಗೊರಗಿ ಕೂತಳು. ಆಮೇಲೆ ಒಂದೇ ಮಾತು ಕೇಳಿದಳಂತೆ: "ಆ ಜೀವಾನ ನಾನು ತುಟ್ಟಿ ಬೆಲಿ ಕೊಟ್ಟು ಕೊಂಡೆನೇನು ಮೌಲಾಲಿ?" ಅವನು ಅಲ್ಲ ಅನ್ನಲಿಕ್ಕೆ ಬಾಯಿ ತೆರೆಯುವುದರೊಳಗೆ ಆಕೆ ಮುಖ ಗೋಡೆಗೆ ತಿರುಗಿಸಿದ್ದಳು. ಆ ಅಲ್ಲ ಅನ್ನುವ ಮಾತು ಹೇಳದೇ ಹೋದೆನಲ್ಲ ಅಂತ ಅವನು ಸಾಯುವ ತನಕ ಹೇಳಿಕೊಂಡು ಅತ್ತನಂತೆ.

ಮರುದಿನ ದುರುಗಪ್ಪ ರೊಟ್ಟಿ ತಂದ. ಆಕೆ ತೆಗೆದುಕೊಂಡಳು, ಅವನ ತಲೆ ನೇವರಿಸಿದಳು, ಹಸಿವಿಲ್ಲ ಅಂದಳು. ಅದರ ಮರುದಿನವೂ ಹಸಿವಿಲ್ಲ. ಆಮೇಲೆ ಯಾವತ್ತೂ ಹಸಿವಾಗಲಿಲ್ಲ. ಊರಿಗೆಲ್ಲ ಉಣ್ಣಿಸಿದ ಆ ಹೆಣ್ಣುಮಗಳು ಹೊಲಗಳೆಲ್ಲ ತೆನೆ ತೂಗುವ ಕಾಲದಲ್ಲಿ ಉಪವಾಸ ಬಿದ್ದು ಸತ್ತಳು ಅಂತಾರೆ. ಊರವರು ಮುಪ್ಪಿನಿಂದ ಸತ್ತಳು ಅಂದುಕೊಂಡರು.

ಮಣ್ಣು ಕೊಟ್ಟು ಬಂದ ಮೇಲೆ ಮೌಲಾಲಿ ದುರುಗಪ್ಪನನ್ನು ಕರೆದು ಎಲ್ಲ ಹೇಳಿದ. ಅವನು ನಂಬಲಿಲ್ಲ. ಆಮೇಲೆ ನಂಬಿದ. ನಂಬಿದವನು ಅಲ್ಲಿಂದಲೇ ಎದ್ದು ಹೊಳೆ ದಾಟಿ ಪೇಟೆಗೆ ಹೋದ. ಈರಭದ್ರ ಸಾಹುಕಾರ ತೀರಿಹೋಗಿದ್ದ, ಮಗನಿದ್ದ. ನೀರಗೆರೆ ಬಂದೂಕು ಕೊಡ್ರಿ, ಜೀವ ಇರೂ ತನಕ ನಿಮ್ಮ ಮನಿಯಾಗ ದುಡೀತೀನಿ ಅಂದ. ಆಕೆಯ ಸಮಾಧಿಯ ಪಕ್ಕ ಅದನ್ನು ಹುಗಿಯಬೇಕು ಅನ್ನುವುದು ಅವನ ಆಸೆ.

ಮಗ ಒಳ್ಳೆಯವನೇ. ಕೂರಿಸಿ, ನೀರು ಕೊಟ್ಟು ಹೇಳಿದ. "ಅದು ಹಡಗು ಹತ್ತಿ ಯಾವ ಕಾಲ ಆತೋ. ಅದಕ್ಕ ಬಂದ ರೊಕ್ಕದಾಗ ನಮ್ಮಪ್ಪ ಒಂದು ಇಡೀ ಊರು ಕೊಂಡ. ನೀ ಹತ್ತು ಜನ್ಮ ದುಡಿದರೂ ಆಗೂದಿಲ್ಲ ತಮ್ಮಾ. ಮನಿಗೆ ಹೋಗು."

ದುರುಗಪ್ಪ ಬರಿಗೈಯಲ್ಲಿ ಬಂದ. ತಾಟಿನ ಮುಂದೆ ಕೂತರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ರೊಟ್ಟಿ ಮುರಿದರೆ, ಇದರ ಬೆಲೆ ಎಷ್ಟು, ನಿನ್ನ ಬೆಲೆ ಎಷ್ಟು ಅಂತ ಒಳಗೆ ಯಾರೋ ಕೇಳಿದ ಹಾಗಾಗುತ್ತಿತ್ತಂತೆ. ಬದುಕಿದ, ಹೆಂಡತಿ ಮಕ್ಕಳಾದರು, ಮುದುಕನಾದ. ಆದರೆ ಹೊಟ್ಟೆ ತುಂಬ ಉಂಡದ್ದನ್ನು ಯಾರೂ ನೋಡಲಿಲ್ಲ. ತನ್ನ ಮನೆಯಲ್ಲಿ ಒಂದು ಕಟ್ಟು ಮಾಡಿದ: ಉಣ್ಣುವಾಗ ಯಾವುದರ ಬೆಲೆಯನ್ನೂ ಯಾರೂ ಎತ್ತಬಾರದು. ನೆರೆಯವರು ನೋಡಿ ಕಲಿತರು. ಆಮೇಲೆ ಊರೆಲ್ಲ ಕಲಿಯಿತು.

ಈಗಲೂ ಗೋನಕಲ್ಲಿಗೆ ಹೋಗಿ ನೋಡ್ರಿ. ಮದುವೆಯ ಪಂಕ್ತಿಯಿರಲಿ, ಹೊಲದ ಬುತ್ತಿಯಿರಲಿ, ಬಾಯಲ್ಲಿ ಅನ್ನ ಇರುವ ತನಕ ಎತ್ತಿನ ಬೆಲೆ, ಬಂಗಾರದ ಬೆಲೆ, ಉಪ್ಪಿನ ಬೆಲೆ ಯಾವುದನ್ನೂ ಮಾತಾಡುವುದಿಲ್ಲ. ತಿಳಿಯದ ಮಕ್ಕಳು ಕೇಳಿದರೆ ದೊಡ್ಡವರು ಸನ್ನೆ ಮಾಡಿ ಸುಮ್ಮನಿರಿಸಿ, ವಾಡೇದವ್ವ ಕೇಳಿಸಿಕೊಂಡಾಳು ಅಂತ ಪಿಸುಗುಡುತ್ತಾರೆ. ಊಟ ಮುಗಿಯುತ್ತದೆ. ಕೈ ತೊಳೆಯುತ್ತಾರೆ, ಬಾಯಿ ಒರೆಸಿಕೊಳ್ಳುತ್ತಾರೆ, ಎಲೆ ಅಡಿಕೆ ಹಾಕಿಕೊಂಡು ಹೊರಗೆ ಕಟ್ಟೆಗೆ ಬಂದು ಕೂರುತ್ತಾರೆ. ಕೂತು, ಎಂಥ ಕಾಲ ಇತ್ತಪ್ಪಾ ಅದು, ಒಂದು ಚೀಲ ಜೋಳಕ್ಕೆ ನೀರಗೆರೆ ಬಂದೂಕು ಬರುತ್ತಿತ್ತು ಅಂತ ಶುರು ಮಾಡುತ್ತಾರೆ. ದುರುಗಪ್ಪನ ವಂಶದವರೂ ಅಲ್ಲೇ ಕೂತಿರುತ್ತಾರೆ.