ವಾರ ತಪ್ಪಿದ ಎತ್ತು

“ಅಪ್ಪಾವರೆ, ಈ ಮೈ ನನ್ನ ಮಾತು ಯಾಕೆ ಕೇಳುವುದಿಲ್ಲ?”

ಗದಿಗೆಯ್ಯ ಮಠದ ಗುರುಗಳನ್ನು ಹೀಗೆ ಕೇಳಿದ್ದು ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡೇ. ಮಠಕ್ಕೆ ಬಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಮೈಯನ್ನು ಪಳಗಿಸುತ್ತೇನೆಂದು ಅವನು ಮಾಡದ ಹಟವಿಲ್ಲ. ಇವತ್ತು ಬೆಳಗಾಗುವ ತನಕ ಭಜನೆ, ನಾಳೆ ಹೊತ್ತು ನೆತ್ತಿಗೇರುವ ತನಕ ನಿದ್ದೆ. ಒಂದು ವಾರ ಬೆಳಿಗ್ಗೆ ಒಪ್ಪೊತ್ತು ಊಟ, ಇನ್ನೊಂದು ವಾರ ಸಂಜೆ ಒಪ್ಪೊತ್ತು. ಮನಸ್ಸು ಬಂದ ದಿನ ಉಪವಾಸ. ಈಗ ಉಣ್ಣಲು ಕೂತರೆ ಹಸಿವಿಲ್ಲ, ಮಲಗಿದರೆ ನಿದ್ದೆಯಿಲ್ಲ. ಆ ದಿನ ಪೂಜೆಗೆ ನಿಂತಲ್ಲೇ ತೂಕಡಿಸಿ ಆರತಿ ತಟ್ಟೆಯನ್ನು ನೆಲಕ್ಕೆ ಕೆಡವಿದ್ದ. ಜನ ನಕ್ಕಿದ್ದರು. ಈ ಮೈ ಕಟ್ಟಿಕೊಂಡು ಸಾಧನೆ ಆಗದು, ಎಲ್ಲ ಬಿಟ್ಟು ಹೋಗುತ್ತೇನೆ ಎಂದು ಹೊರಟು ನಿಂತಿದ್ದ.

“ಕೂತುಕೋ,” ಎಂದರು ಗುರುಗಳು. ಅವನು ಗಂಟು ಇಳಿಸದೆ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಊರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಜೋಡಿಯಲ್ಲಿ ಒಂದು ಸತ್ತಿತು. ಹೊಳೆಯಾಚೆಯ ಊರಿಂದ ಇನ್ನೊಂದನ್ನು ತಂದ. ಒಳ್ಳೆಯ ಎತ್ತು. ಆದರೆ ಶುಕ್ರವಾರ ಬಂತೆಂದರೆ ಸಾಲಿನ ನಡುವೆ ಕೂತುಬಿಡುತ್ತಿತ್ತು. ಬಾಲ ತಿರುವಿದ, ಬಾರುಕೋಲಿನಿಂದ ಬಾರಿಸಿದ, ಏಳಲಿಲ್ಲ. ಸೋಮವಾರ ಕಟ್ಟಿಹಾಕಿದರೆ ಗೂಟ ಕಿತ್ತುಕೊಂಡು ಹೊಲದ ಕಡೆ ನಡೆಯುತ್ತಿತ್ತು.

“ಮೈಗಳ್ಳ ಎತ್ತು,” ಎಂದ ರೈತ.

ಹೆಂಡತಿ ನಕ್ಕಳು. “ಆ ಊರಲ್ಲಿ ಶುಕ್ರವಾರ ಬಿಡುವು ಇದ್ದೀತು. ಬುತ್ತಿ ತರುವುದು ಒಂದಿಷ್ಟು ತಡವಾದರೆ ನೀನು ನನ್ನ ತವರುಮನೆಯವರನ್ನೆಲ್ಲ ಎಳೆದು ತಂದು ಬೈಯುತ್ತೀ. ನಿನ್ನ ಹೊಟ್ಟೆಗೆ ಹೊತ್ತು ಗೊತ್ತು. ಅದರ ಮೈಗೆ ವಾರ ಗೊತ್ತಿರಬಾರದೇನು?”

ರೈತನಿಗೆ ಮಾತು ತಾಗಿತು. ಎರಡಕ್ಕೂ ನ್ಯಾಯ ಮಾಡುತ್ತೇನೆ ಎಂದು ಒಂದು ವಾರ ಸೋಮವಾರ ಬಿಟ್ಟ, ಮತ್ತೊಂದು ವಾರ ಶುಕ್ರವಾರ ಬಿಟ್ಟ. ಕೆಲಸ ಹೆಚ್ಚಿದಾಗ ಎರಡೂ ದಿನ ಹೂಡಿದ. ನೆಂಟರು ಬಂದರೆ ಯಾವ ವಾರವೆಂದು ನೋಡದೆ ಕೊಟ್ಟಿಗೆಯಲ್ಲೇ ಕಟ್ಟಿದ. ಹೀಗೇ ನಡೆಯಿತು. ಬಿತ್ತನೆಯ ಹೊತ್ತಿಗೆ, ಹುಟ್ಟಿದಾಗಿನಿಂದ ಒಮ್ಮೆಯೂ ಸಾಲಿನಲ್ಲಿ ಕೂರದ ಹಳೆಯ ಎತ್ತೂ ಹೊಸದರ ಮಗ್ಗುಲಲ್ಲಿ ಕೂತಿತು. ಅದು ಬುಧವಾರ. ನೆಲದ ಹದ ಆರುತ್ತಿತ್ತು. ಬೀಜ ಚೀಲದಲ್ಲೇ ಉಳಿಯಿತು.

ರೈತ ಎರಡಕ್ಕೂ ಹಗ್ಗ ಹಾಕಿ ಸಂತೆಗೆ ಹೊರಟ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಇವನ್ನು ಮಾರಿ ನೊಗಕ್ಕೆ ನೀನೇ ಹೆಗಲು ಕೊಡುತ್ತೀಯೇನು? ಸೋಮವಾರವೋ ಶುಕ್ರವಾರವೋ, ಒಂದನ್ನು ಗೊತ್ತುಮಾಡಿ ಅದನ್ನೇ ನಡೆಸು. ಬಾಯಿಲ್ಲದ ಜೀವ, ನಾಲ್ಕು ವಾರದಲ್ಲಿ ಕಲಿಯುತ್ತದೆ. ಕಲಿಯದೆ ಇರುವವನು ನೀನು.”

ರೈತ ಹಗ್ಗ ಹಿಡಿದುಕೊಂಡು ಅಂಗಳದಲ್ಲಿ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗದಿಗೆಯ್ಯ ಮುಂದಕ್ಕೆ ಬಾಗಿದ.

“ಆಮೇಲೆ ಏನಾಯಿತು, ಅಪ್ಪಾವರೆ? ಮಾರಿದನೋ, ಇಟ್ಟುಕೊಂಡನೋ?”

ಗುರುಗಳು ಅವನ ಹೆಗಲಿನ ಗಂಟನ್ನು ನೋಡಿದರು.

“ಹಗ್ಗ ನಿನ್ನ ಕೈಯಲ್ಲಿದೆ, ನನ್ನನ್ನು ಯಾಕೆ ಕೇಳುತ್ತೀ?”