ಹೊಳೆ ಕಡೆಯ ಆಟಗಾರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ಯಾರ ಮದುವೆಯಲ್ಲೂ ನನ್ನ ಎಲೆಗೆ ಹೋಳಿಗೆ ಬಡಿಸಬೇಡಿ. ಹಾಲೇಶನಿಗೆ ನಾನು ಸ್ವಂತ ಸೋದರಮಾವ. ಅವನ ಓಟವೆಲ್ಲ ನನ್ನ ಕಡೆಯಿಂದಲೇ ಬಂದದ್ದು. ಬೇಕಾದರೆ ನನ್ನನ್ನು ಅಟ್ಟಿಸಿಕೊಂಡು ಬಂದ ನಾಯಿಗಳನ್ನು ಕೇಳಿ.

ಹಾಲೇಶ ಓಡಿದರೆ ಅವನ ನೆರಳು ಅರ್ಧ ದಾರಿಯಲ್ಲಿ ಕೂತು ನೀರು ಕೇಳುತ್ತಿತ್ತು. ಹತ್ತೊಂಬತ್ತು ತುಂಬುವ ಮೊದಲೇ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದು ಅವನನ್ನು ಬಲಗಡೆಯ ವಿಂಗರ್ ಆಗಿ ಸೇರಿಸಿಕೊಂಡಿತು. ಅಂದರೆ, ಅಂಚಿನ ಗೆರೆ ಹಿಡಿದು ಮೂಲೆವರೆಗೆ ಓಡಿ, ಅಲ್ಲಿಂದ ಚೆಂಡನ್ನು ಗೋಲಿನ ಮುಂದಕ್ಕೆ ಹಾರಿಸುವ ಕೆಲಸ.

ಐದು ಪಂದ್ಯ ಆಡಿದ. ಐದರಲ್ಲೂ ಮೂಲೆ ಇನ್ನೂ ನಾಲ್ಕೈದು ಮಾರು ಇರುವಾಗಲೇ ಒಳಕ್ಕೆ ತಿರುಗಿದ. ಮೊದಲ ಪಂದ್ಯದಲ್ಲಿ ಎದುರಾಳಿ ಮೋಸಹೋದ. ಆಮೇಲೆ ಎಲ್ಲರಿಗೂ ಗೊತ್ತಾಗಿಹೋಯಿತು. ಅವನು ತಿರುಗುವ ಜಾಗದಲ್ಲಿ ಮೊದಲೇ ಹೋಗಿ ನಿಂತು ಚೆಂಡು ಕಿತ್ತುಕೊಳ್ಳುತ್ತಿದ್ದರು.

ಕ್ಲಬ್ಬಿನ ಕೋಚ್ ಕರೆದು ಹೇಳಿದ: "ಭಾನುವಾರ ಕೊನೆಯ ಅವಕಾಶ. ಮತ್ತೆ ಒಳಗೆ ತಿರುಗಿದರೆ, ಅಲ್ಲಿಂದ ಹಾಗೇ ಊರಿಗೆ ತಿರುಗಿಬಿಡು."

ಹಾಲೇಶ ನಾಲ್ಕು ದಿನ ರಜೆ ಬೇಡಿ ಬಸ್ಸು ಹತ್ತಿದ. ಮನೆಗೆ ಬರಲಿಲ್ಲ. ನೇರವಾಗಿ ಭದ್ರಾ ಹೊಳೆಯ ದಂಡೆಗೆ, ತನಗೆ ಆಟ ಕಲಿಸಿದ ಇನ್ನಾಸಪ್ಪ ಮೇಷ್ಟ್ರ ಬಳಿಗೆ ಹೋದ. ಬುತ್ತಿ ಹಿಡಿದು ನಾನೂ ಹಿಂದೆಯೇ ಓಡಿದೆ.

ಮೇಷ್ಟ್ರು ಬಂಡೆಯ ಮೇಲೆ ಕೂತು ಹರಿದ ಚೆಂಡಿಗೆ ಹೊಲಿಗೆ ಹಾಕುತ್ತಿದ್ದರು.

"ಮೇಷ್ಟ್ರೇ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ."

"ಮತ್ತೆ ಯಾರ ಮಾತು ಕೇಳ್ತೈತೆ?"

"ಗೊತ್ತಿಲ್ಲ."

"ಎಲ್ಲಿ ಆಡಿಸ್ತಾರೆ ನಿನ್ನ?"

"ಹೊಳೆ ಕಡೆ."

ಸೂಜಿ ನಿಂತಿತು.

"ಎಲ್ಲಿ?"

"ಹೊಳೆ ಕಡೆ ಮೇಷ್ಟ್ರೇ. ಬಲಗಡೆ."

"ಆ ಸ್ಟೇಡಿಯಮ್ಮಿನಾಗೆ ಹೊಳೆ ಎಲ್ಲೈತೋ?"

ಹಾಲೇಶ ಹೊಳೆಯತ್ತ ತಿರುಗಿ ನೋಡಿದ.

ನಮ್ಮ ಮೈದಾನದಲ್ಲಿ ಎಡ, ಬಲ ಅಂತಿಲ್ಲ. ರಸ್ತೆ ಕಡೆ, ಹೊಳೆ ಕಡೆ, ಅಷ್ಟೇ. ಗೋಲಿನ ಕಂಬವೂ ಒಂದೇ ಜೊತೆ. ಎರಡೂ ತಂಡ ಅದಕ್ಕೇ ಹೊಡೆಯಬೇಕು, ಹಾಗಾಗಿ ಹೊಳೆ ಯಾವಾಗಲೂ ಬಲಕ್ಕೇ. ಹೊಳೆ ಕಡೆಯ ಮೂಲೆಯಲ್ಲಿ ದಂಡೆ ಕಡಿದು ಕೆಳಗೆ ನೇರ ನೀರು. ಹಾಲೇಶ ಚಿಕ್ಕವನಿದ್ದಾಗ ಇಡೀ ಮೈದಾನಕ್ಕೆ ಇದ್ದದ್ದು ಒಂದೇ ಚೆಂಡು. ಅದನ್ನು ಹೊಳೆಗೆ ಬಿಟ್ಟವನಿಗೆ ಹದಿನೈದು ದಿನ ಆಟವಿಲ್ಲ. ಮೇಷ್ಟ್ರು ಮಾಡಿದ ಕಾನೂನು. ಮೂಲೆ ಬರುವ ಮೊದಲೇ ಒಳಕ್ಕೆ ತಿರುಗಿಬಿಡುತ್ತಿದ್ದ ಹಾಲೇಶ ಒಮ್ಮೆಯೂ ಚೆಂಡು ಕಳೆದವನಲ್ಲ.

"ತಪ್ಪು ನಿಂದಲ್ಲ," ಎಂದು ಮೇಷ್ಟ್ರು ಎದ್ದರು. "ಆ ಚೀಲ ತಾ."

ಚೀಲದಲ್ಲಿ ಹದಿನಾಲ್ಕು ಚೆಂಡು. ಒಂದೊಂದೂ ಮೇಷ್ಟ್ರು ಹೊಲಿದು ಹೊಲಿದು ಬದುಕಿಸಿಕೊಂಡದ್ದು.

"ಒದಿ."

"ಎಲ್ಲಿಗೆ?"

"ಹೊಳೆಗೆ."

"ಹೊಳೆಗಾ?"

"ಈಗ ಕಿವಿನೂ ಮಾತು ಕೇಳ್ತಿಲ್ವಾ?"

ಒದ್ದ. ಚೆಂಡು ಬಿತ್ತು, ತೇಲಿತು, ಹೋಯಿತು. ಹಾಲೇಶನ ಕಣ್ಣಲ್ಲಿ ನೀರು. ಏಳನೆಯದಕ್ಕೆ ಕಣ್ಣು ಒರೆಸಿಕೊಂಡ. ಹತ್ತನೆಯದಕ್ಕೆ ನಗು ಬಂತು. ಹದಿನಾಲ್ಕನೆಯದು ಎಷ್ಟು ದೂರ ಹೋಯಿತೆಂದರೆ, ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಅದನ್ನೂ ಸೀರೆಯ ಜೊತೆ ಒಗೆದು, ಹಿಂಡಿ, ಬಂಡೆಯ ಮೇಲೆ ಹರವಿದಳು.

"ಎಲ್ಲಾ ಹೋಯ್ತು ಮೇಷ್ಟ್ರೇ. ನಾಳೆ ಹುಡುಗರು ಏನಾಡ್ತಾರೆ?"

"ಅದು ನನ್ನ ತಲೆನೋವು. ನಿನ್ನತ್ರ ಕಳಕೊಳ್ಳಾಕೆ ಇನ್ನೇನೈತೆ?"

"ಏನೂ ಇಲ್ಲ."

"ಹಂಗಾದ್ರೆ ಓಡು. ಮೂಲೆವರೆಗೆ."

ಮೂರು ದಿನ ಓಡಿದ, ಚೆಂಡಿಲ್ಲದೆ. ಮೊದಲ ದಿನ ಕಾಲು ತಾನಾಗಿ ತಿರುಗಿತು. ಎರಡನೆಯ ದಿನ ಇಪ್ಪತ್ತು ಸಲ ಹೊಳೆಗೆ ಬಿದ್ದ; ಸಂಜೆ ಹೊತ್ತಿಗೆ ಮೀನುಗಳು ಅವನನ್ನು ಹೆಸರು ಹಿಡಿದು ಕರೆಯತೊಡಗಿದವು. ಮೂರನೆಯ ದಿನ ದಂಡೆಯ ಕೊನೆಯ ಹುಲ್ಲಿನ ಮೇಲೆ ಹೋಗಿ ನಿಂತ. ತಿರುಗಲಿಲ್ಲ. ಬೀಳಲೂ ಇಲ್ಲ.

ಅಷ್ಟರಲ್ಲಿ ಕೆಳಗಿನ ತೆಪ್ಪದ ಬೆಸ್ತರು ಬಲೆಗೆ ಸಿಕ್ಕ ಚೆಂಡುಗಳನ್ನು, ಆ ಹೆಂಗಸು ಒಗೆದದ್ದನ್ನೂ ಸೇರಿಸಿ, ತಂದುಕೊಟ್ಟರು. ಹೋದದ್ದು ಹದಿನಾಲ್ಕು, ಬಂದದ್ದು ಹದಿನೈದು. ಹೆಚ್ಚಿನದು ಯಾರದೆಂದು ಹೊಳೆಯನ್ನೇ ಕೇಳಿ.

ಭಾನುವಾರ ಬಂತು. ಎಪ್ಪತ್ತೆಂಟನೆಯ ನಿಮಿಷದವರೆಗೂ ಎರಡು ಕಡೆಯೂ ಗೋಲಿಲ್ಲ. ಗ್ಯಾಲರಿಯಲ್ಲಿ ನನ್ನ ಉಗುರೆಲ್ಲ ಮುಗಿದು ಪಕ್ಕದವನ ಕೈ ಹಿಡಿದಿದ್ದೆ. ಆಗ ಹಾಲೇಶನ ಕಾಲಿಗೆ ಚೆಂಡು ಸಿಕ್ಕಿತು!

ಎದುರಾಳಿ ಆರಾಮಾಗಿ ಆ ಗೊತ್ತಿದ್ದ ಜಾಗಕ್ಕೆ ಹೋಗಿ, ಬಾಗಿಲಲ್ಲಿ ನೆಂಟರಿಗೆ ಕಾಯುವವನ ಹಾಗೆ ನಿಂತ. ಹಾಲೇಶ ಬಂದ. ತಿರುಗಲಿಲ್ಲ! ಓಡಿದ, ಓಡಿದ, ಮೂಲೆಯ ಬಾವುಟ ಅವನ ಗಾಳಿಗೆ ಪಟಪಟ ಅಂದಿತು, ಕೊನೆಯ ಹುಲ್ಲಿನಿಂದ ಚೆಂಡು ಎತ್ತಿದ, ತಾನು ಮಾತ್ರ ಗೆರೆ ದಾಟಿ ಹೋಗಿ ಐಸ್‌ಕ್ರೀಮ್ ಮಾರುವವನ ಮಡಿಲಲ್ಲಿ ಕೂತ. ಚೆಂಡು ತೇಲಿಕೊಂಡು ಗೋಲಿನ ಮುಂದೆ ಬಂತು. ನಮ್ಮ ತಂಡದ ಉದ್ದ ಹುಡುಗನೊಬ್ಬ ಹಣೆ ಕೊಟ್ಟ. ಗೋಲ್! ನನ್ನ ಕೂಗಿಗೆ ಸ್ಟೇಡಿಯಮ್ಮಿನ ದೀಪಗಳೆಲ್ಲ ಹಗಲಲ್ಲೇ ಹತ್ತಿಕೊಂಡವು.

ಆಟ ಮುಗಿದ ಮೇಲೆ ಕೋಚ್ ಬಂದು ಹಾಲೇಶನ ಬೆನ್ನು ತಟ್ಟಿದ. "ಕಟ್ಟಿದ ಗಂಟು ಬಿಚ್ಚು. ಮುಂದಿನ ವಾರವೂ ನೀನೇ ಆಡೋದು."

ಹಾಲೇಶ ಬೆವರೂ ಒರೆಸದೆ ಮೇಷ್ಟ್ರಿಗೆ ಫೋನ್ ಮಾಡಿದ. ಅದೇ ಫೋನಿಗೆ ಈ ಕಡೆಯಿಂದ ನನ್ನ ಕಿವಿ.

"ಮೇಷ್ಟ್ರೇ! ಮೂಲೆಗೆ ಹೋದೆ!"

"ಭೇಷ್ ಮಗನೇ!" ಎಂದು ಮೇಷ್ಟ್ರು ಕುಣಿದಾಡಿದರು.

ಆಯಿತು, ಒಪ್ಪಿಕೊಳ್ಳುತ್ತೇನೆ. ಆ ಭೇಷ್ ಒಂದು ನಾನು ಸೇರಿಸಿದ್ದು. ಕುಣಿತವೂ ಅದರ ಜೊತೆಗೇ ಬಂತು. ಮಿಕ್ಕದ್ದೆಲ್ಲ, ಮೀನುಗಳ ಸಮೇತ, ನಿಜ. ಮೇಷ್ಟ್ರು ಕೇಳಿದ್ದು ಇಷ್ಟೇ:

"ಅದನ್ನ ಎಲ್ಲಾರೂ ನೋಡಿಬಿಟ್ರಲ್ಲೋ. ಮುಂದಿನ ಭಾನುವಾರ ಎಲ್ಲಿಗೆ ಹೋಗ್ತೀಯ?"