ನಿಘಂಟು ತಿಂದ ಹುಳ

ನಿವೃತ್ತ ಜಡ್ಜ್ ಸಾಹೇಬರು ಹಳೇ ಧಾಟಿಯ ಇಂಗ್ಲಿಷಿನಲ್ಲಿ ದಿನಚರಿ ಬರೆಯುತ್ತಿದ್ದರು; ಒಂದು ವಾಕ್ಯ ಮುಗಿಯುವಷ್ಟರಲ್ಲಿ ಒಂದು ಪುಟ ಮುಗಿಯುತ್ತಿತ್ತು. ಅವರ ಬೀರುವಿನಲ್ಲಿದ್ದ ಪುಸ್ತಕದ ಹುಳ ಮೂರು ನಿಘಂಟು ತಿಂದಿತ್ತು. ಜೀರ್ಣವಾಗಿತ್ತೋ ಇಲ್ಲವೋ, ಡೌಲು ಮಾತ್ರ ಬಂದಿತ್ತು.

ಒಂದು ಬೆಳಿಗ್ಗೆ ಇಲಿಗಳು ಬಂದು ಕೇಳಿದವು: "ಪಂಡಿತರೇ, ಮೂರು ದಿನದಿಂದ ಬೆಕ್ಕಿನ ಸದ್ದಿಲ್ಲ. ದಿನಚರಿಯಲ್ಲಿ ಏನಾದರೂ ಬರೆದಿದೆಯೇ?"

ಹುಳ ಪುಟದ ಕೊನೆಯ ಸಾಲಿನ ಮೇಲೆ ಹರಿದಾಡಿತು. "'ಅದು ನಿನ್ನೆ ಸತ್ತಿತು' ಎಂದಿದೆ. ಬೆಕ್ಕು ಸತ್ತಿದೆ. ಹೋಗಿ, ಹಬ್ಬ ಮಾಡಿ."

"ಅದು ಎಂದರೆ ಬೆಕ್ಕೇ ಎಂದು ಹೇಗೆ ಹೇಳುತ್ತೀರಿ?" ಎಂದಿತು ಮುದಿ ಇಲಿ. "ಮೇಲೆ ಯಾರ ಸುದ್ದಿಯಿದೆ ಎಂದು ಒಮ್ಮೆ ಹತ್ತಿ ನೋಡಬಾರದೇ?"

"ಹಿಂದಕ್ಕೆ ಹೋಗಿ ಓದುವುದು ಕಲಿಯುವವರ ಕೆಲಸ. ನನಗೆ ಬಾಲ ಕಂಡರೆ ಸಾಕು, ತಲೆ ಗೊತ್ತಾಗುತ್ತದೆ."

ಇಲಿಗಳು ಕುಣಿಯುತ್ತಾ ಅಡುಗೆಮನೆಗೆ ಹೋದವು. ಮುದಿ ಇಲಿಯೊಂದೇ, ಬಾಲ ತುಂಡಾಗಿ, ತಿರುಗಿ ಬಂತು.

"ಪಂಡಿತರೇ, ಹಿತ್ತಲಲ್ಲಿ ಸಾಹೇಬರ ನಾಯಿಯ ಸರಪಳಿ ಖಾಲಿಯಿದೆ. ಸತ್ತದ್ದು ನಾಯಿ! ಬೆಕ್ಕು ಒಲೆಯ ಪಕ್ಕದಲ್ಲೇ ಕೂತಿತ್ತು."

ಹುಳ ಪುಟದಿಂದ ತಲೆಯೆತ್ತಲಿಲ್ಲ.

"ಹಾಗಾದರೆ ಆ ಬೆಕ್ಕಿಗೆ ಇಂಗ್ಲಿಷ್ ಬರುವುದಿಲ್ಲ," ಎಂದಿತು.